ಟೆಕ್ಸಸ್‌ನ ಶುಗರ್ ಲ್ಯಾಂಡಿಗೆ ಬಂದ ತಮ್ಮನಿಗೆ, ಮಗನ ಅಮೆರಿಕನ್ ಫುಟ್‌ಬಾಲ್ ವಿಷಯ

ತಮ್ಮಾ, ದಾವಣಗೆರೆ ಬಿಟ್ಟು ತಿಂಗಳಾಗಿಲ್ಲ, ಅಲ್ಲಿ ಒಂಬತ್ತನೇ ಕ್ಲಾಸ್ ಮುಗಿಸಿದ ಮಗ ಆಗಲೇ ಹಳೇ ಆಟಗಾರ ಕೆನ್ ಹಾಲ್ ಹೆಸರು ಹೇಳ್ಕೊಂಡು, ಚೆಂಡನ್ನ ಕೈಲಿ ಹಿಡಿದು ಓಡೋ ಇಲ್ಲಿಯ ಫುಟ್‌ಬಾಲ್ ಆಡ್ತೀನಿ ಅಂತಿದಾನೆ, ಸೇರಿಸಲಾ ಅಂತ ಕೇಳಿದೀಯ. ಸೇರಿಸು. ಬಾಡಿಗೆ, ಕಾರು ಫೋನಲ್ಲಿ ಮಾತಾಡೋಣ. ಮನೆ ಒಪ್ಪೋ ಮುಂಚೆ ಆ ವಿಳಾಸ ಯಾವ ಶಾಲೆಗೆ ಸೇರುತ್ತೆ ನೋಡ್ಕೋ.

ಹಾಲ್ ಈ ಊರಿನ ಹೈಸ್ಕೂಲಿಗೇ ಆಡಿದವರು ಅನ್ನೋದು ನಮಗೂ ಹೆಮ್ಮೆ. 1950ರಿಂದ 1953ರವರೆಗೆ ಚೆಂಡು ಹಿಡಿದು ಓಡಿದ್ದು 11,232 ಗಜ, ಕೊನೇ ವರ್ಷ ಒಂದರಲ್ಲೇ 4,045. ನಾಲ್ಕು ಸಲ ನುಗ್ಗಿ ಹತ್ತು ಗಜ ದಾಟೋದೇ ದೊಡ್ಡದಾಗಿರೋ ಆಟ ಇದು. ಆ 11,232 ಗಜ ಅಮೆರಿಕದ ಹೈಸ್ಕೂಲ್ ದಾಖಲೆಯಾಗಿತ್ತು, ಅದನ್ನ ಮುರಿದದ್ದು 2012ರಲ್ಲಿ, ಫ್ಲಾರಿಡಾದ ಯೂಲೀ ಊರಿನ ಹೈಸ್ಕೂಲಿನ ಡೆರಿಕ್ ಹೆನ್ರಿ, 12,124 ಗಜ. ಹೆನ್ರಿ ಅಲಬಾಮಾ ಯೂನಿವರ್ಸಿಟಿ ಸೇರಿ, ಕಾಲೇಜು ಫುಟ್‌ಬಾಲಿನ ಅತ್ಯುತ್ತಮ ಆಟಗಾರನಿಗೆ ಕೊಡೋ ಹೈಸ್‌ಮನ್ ಟ್ರೋಫಿಯನ್ನ 2015ರಲ್ಲಿ ಗೆದ್ದ. ಹಾಲ್ ಅವರಿಗೆ ಮಾತ್ರ ಟೆಕ್ಸಸ್ ಎ ಅಂಡ್ ಎಂ ಯೂನಿವರ್ಸಿಟಿಯಲ್ಲಿ, ಬೇರ್ ಬ್ರಯಂಟ್ ಕೋಚ್ ಆಗಿದ್ದಾಗ, ಆಟ ಕುದುರಲೇ ಇಲ್ಲ. ಹೈಸ್ಕೂಲಿನ ಹೆಸರು ಕಾಲೇಜಿಗೆ ತಾನಾಗಿ ಹಿಂದೆ ಬರಲ್ಲ.

ಇಬ್ಬರೂ ಇಷ್ಟು ಓಡಿದ್ದು ಹೈಸ್ಕೂಲಿನ ನಾಲ್ಕೇ ವರ್ಷದಲ್ಲಿ, ಅಂದ್ರೆ ಒಂಬತ್ತರಿಂದ ಹನ್ನೆರಡನೇ ಕ್ಲಾಸ್‌ವರೆಗೆ. ನಿನ್ನ ಮಗನದು ಒಂದು ವರ್ಷ ಊರಲ್ಲೇ ಕಳೆದಿದೆ. ಅದಕ್ಕೇ, ಇಂಗ್ಲಿಷ್ ಸುಧಾರಿಸಲಿ ಅಂತ ಅವನನ್ನ ಮತ್ತೆ ಒಂಬತ್ತಕ್ಕೆ ಕೂರಿಸಬೇಡ. ನಾನು ಬಂದಾಗ ಇದನ್ನ ಹೇಳೋರು ಇರಲಿಲ್ಲ, ಆ ನೋವು ಇನ್ನೂ ಇದೆ. ಟೆಕ್ಸಸ್‌ನ ಶಾಲಾ ಪಂದ್ಯಗಳನ್ನ ನಡೆಸೋ ಯುಐಎಲ್ ಸಂಸ್ಥೆಯ ನಿಯಮದಲ್ಲಿ, ಆಡೋಕೆ ಇರೋ ನಾಲ್ಕು ವರ್ಷವನ್ನ ಮೊದಲ ಸಲ ಒಂಬತ್ತಕ್ಕೆ ಸೇರಿದ ದಿನದಿಂದ ಎಣಿಸ್ತಾರೆ. ವಾಪಸ್ ಕೂರಿಸಿದರೆ ಹನ್ನೆರಡನೇ ಕ್ಲಾಸಲ್ಲಿ, ಹುಡುಗ ಮೈ ತುಂಬ್ಕೊಂಡಿರೋ ವರ್ಷವೇ, ಗ್ಯಾಲರಿಯಲ್ಲಿ ಕೂರಬೇಕಾಗುತ್ತೆ.

ಕಾಲೇಜು ಆಟದ ಮೇಲಿನ ಮಟ್ಟವಾದ ಡಿವಿಷನ್ 1ರಲ್ಲಿ ಆಡೋಕೆ, ಕಾಲೇಜು ಕ್ರೀಡೆ ನೋಡ್ಕೊಳ್ಳೋ ಎನ್‌ಸಿಎಎ ಸಂಸ್ಥೆ ಹೈಸ್ಕೂಲಲ್ಲಿ 16 ಕೋರ್ ಕೋರ್ಸ್ (ಇಂಗ್ಲಿಷ್, ಗಣಿತದಂಥ ಮುಖ್ಯ ಪಾಠ) ಕೇಳುತ್ತೆ, ಅವುಗಳ ಜಿಪಿಎ, ಅಂದ್ರೆ ಸರಾಸರಿ ಗ್ರೇಡ್, 4ಕ್ಕೆ 2.3 ಇರಬೇಕು. ಹನ್ನೆರಡನೇ ಕ್ಲಾಸ್ ಶುರುವಾಗೋ ಮುಂಚೆ ಆ 16ರಲ್ಲಿ ಹತ್ತು ಮುಗಿದಿರಬೇಕು, ಆ ಹತ್ತರಲ್ಲಿ ಏಳು ಇಂಗ್ಲಿಷ್, ಗಣಿತ, ವಿಜ್ಞಾನದವು. ಶಾಲೆಯ ಕೌನ್ಸೆಲರ್ ಹತ್ತಿರ ಮೊದಲ ವಾರವೇ ಈ ಕೋರ್ಸ್‌ಗಳ ಪಟ್ಟಿ ಹಾಕಿಸು. ಹೈಸ್ಕೂಲಲ್ಲೂ ಟೆಕ್ಸಸ್ ನಿಯಮದ ಪ್ರಕಾರ ಯಾವುದಾದರೂ ವಿಷಯದಲ್ಲಿ 70ಕ್ಕಿಂತ ಕಡಿಮೆ ಬಂದರೆ ಕನಿಷ್ಠ ಮೂರು ವಾರ ಪಂದ್ಯ ಇಲ್ಲ.

ತಲೆಗೆ ಪೆಟ್ಟು ಬಿದ್ದರೆ ಹುಡುಗರು ಟೀಮಲ್ಲಿ ಜಾಗ ಹೋಗುತ್ತೆ ಅಂತ ಮುಚ್ಚಿಡ್ತಾರೆ. ರಾತ್ರಿ ಊಟಕ್ಕೆ ಕೂತಾಗ ಕೇಳು, ತಲೆನೋವು, ಬೆಳಕು ಚುಚ್ಚೋದು, ವಾಂತಿ. ಕನ್‌ಕಷನ್, ಅಂದ್ರೆ ಮಿದುಳಿಗೆ ಪೆಟ್ಟು ಬಿದ್ದ ಅನುಮಾನ ಇದ್ದರೆ ಆ ದಿನ ಮತ್ತೆ ಆಟಕ್ಕೆ ಇಳಿಸೋ ಹಾಗಿಲ್ಲ, ಆಮೇಲೂ ಆಡಬಹುದು ಅಂತ ಡಾಕ್ಟರ್ ಬರೆದು ಕೊಡಬೇಕು.

ಒಂಬತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಊರಲ್ಲೇ ಬಿಟ್ಟು ಬಂದಿದ್ರೆ ಅಮ್ಮನಿಗೆ ಇವತ್ತೇ ಫೋನ್ ಮಾಡು, ಶಾಲೆಯಲ್ಲಿ ಸಹಿ, ಸೀಲ್ ಹಾಕಿಸಿ ಕಳಿಸಲಿ.