ಪಿಓಪಿ ಗಣಪ ಬೇಡ ಅನ್ನೋ ಪೋಸ್ಟರ್ ಫೋನಿನಲ್ಲಿ ಯಾಕೆ ಓದೋಕಾಗಲ್ಲ?

ಪಿಓಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಗಣಪ ಬೇಡ ಎಂದು ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಮಾಡಿದ ಪೋಸ್ಟರ್ ಕಂಪ್ಯೂಟರಿನಲ್ಲಿ ಚೆನ್ನಾಗಿದ್ದು ಫೋನಿನಲ್ಲಿ ಕಲಸಿಹೋಗುತ್ತದೆ ಎಂದಿದ್ದೀರಿ. ತಪ್ಪು ಹೆಚ್ಚಾಗಿ ಚಿತ್ರದಲ್ಲಲ್ಲ, ಅಕ್ಷರದಲ್ಲಿರುತ್ತದೆ.

ಅಳತೆ 1080×1350 ಪಿಕ್ಸೆಲ್ ಇಟ್ಟುಕೊಳ್ಳಿ. ಫೋನಿನಲ್ಲಿ ಆ ಅಗಲ ಏಳು ಸೆಂಟಿಮೀಟರ್ ಇದ್ದರೆ ಹೆಚ್ಚು. 40 ಪಿಕ್ಸೆಲ್ಲಿನ ಅಕ್ಷರ ಅಲ್ಲಿ ಎರಡೂವರೆ ಮಿಲಿಮೀಟರಿಗೆ ಇಳಿಯುತ್ತದೆ. ತೀರಾ ಸಣ್ಣ ಸಾಲೂ 50ಕ್ಕಿಂತ ಕೆಳಗಿಳಿಯದಿರಲಿ, ತಲೆಬರಹ 120 ದಾಟಲಿ.

ಕನ್ನಡಕ್ಕೇ ಅಂಟಿದ ತೊಂದರೆ ಮಹಾಪ್ರಾಣಗಳದ್ದು. ಧ, ಫ, ಭ ಅಕ್ಷರಗಳ ಕೆಳಗಿನ ಸೀಳು ದಪ್ಪ ಫಾಂಟಿನಲ್ಲಿ ಮೊದಲೇ ಕಿರಿದು. ವಾಟ್ಸ್‌ಆ್ಯಪ್ ಚಿತ್ರವನ್ನು ಕುಗ್ಗಿಸಿದಾಗ ಮುಚ್ಚಿಹೋಗಿ ‘ಧನ’ ‘ದನ’ವಾಗುತ್ತದೆ! ನೋಟೋ ಸಾನ್ಸ್ ಕನ್ನಡ ಎಂಬ ಫಾಂಟಿನ ಮಧ್ಯಮ ದಪ್ಪ ಸಾಕು. ಒತ್ತಕ್ಷರಗಳು ಕೆಳಸಾಲಿಗೆ ತಗಲದಂತೆ ಸಾಲಿನ ಅಂತರವನ್ನು ಅಕ್ಷರದಳತೆಯ ಒಂದೂವರೆ ಪಟ್ಟು ಕೊಡಿ. ಫೋಟೋಶಾಪಿನಲ್ಲಿ ಒತ್ತುಗಳು ಬಿಡಿಬಿಡಿಯಾಗಿ ಬಂದರೆ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ‘ವರ್ಲ್ಡ್-ರೆಡಿ’ ಲೇಔಟ್ ಆರಿಸಿ. ಉಚಿತ ಚಿತ್ರ ತಂತ್ರಾಂಶ ಇಂಕ್‌ಸ್ಕೇಪಿನಲ್ಲಿ ಯೂನಿಕೋಡ್ ಫಾಂಟಿದ್ದರೆ ಈ ರಗಳೆಯೇ ಇಲ್ಲ. ಎಐ ಬರೆದ ಚಿತ್ರದೊಳಗಿನ ಕನ್ನಡವನ್ನಂತೂ ನಂಬಬೇಡಿ. ಅಕ್ಷರವನ್ನು ಆಮೇಲೆ ನೀವೇ ಕೂರಿಸಿ.

ಹಸಿರಿನ ಮೇಲೆ ಕೆಂಪು ಬರೆಯಬೇಡಿ. ಫೋಟೋ ಕುಗ್ಗಿಸಿಡುವ ಜೆಪೆಗ್ ರೂಪ ಬೆಳಕಿನ ವಿವರವನ್ನು ಉಳಿಸಿಕೊಂಡು ಬಣ್ಣದ ವಿವರವನ್ನು ಕಡಿತ ಮಾಡುತ್ತದೆ, ಹಾಗಾಗಿ ಅಂಚು ಹರಡುತ್ತದೆ. ತಿಳಿ ಹಿನ್ನೆಲೆ, ಕಡುಗಪ್ಪು ಅಕ್ಷರವೇ ಕ್ಷೇಮ. ಕಾಂಟ್ರಾಸ್ಟ್, ಅಂದರೆ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅನುಪಾತ, ಕನಿಷ್ಠ 4.5:1 ಇರಲಿ.

ಇನ್ನು ಚಿತ್ರ. ಕೆರೆಯಲ್ಲಿ ಮುರಿದು ಬಿದ್ದ ಗಣಪನ ಫೋಟೋ ಹಾಕುವುದು ನನ್ನ ಪ್ರಕಾರ ಕೆಟ್ಟ ಆಯ್ಕೆ. ಪೂಜೆ ಮಾಡುವವರ ಮನಸ್ಸು ನೋಯುತ್ತದೆ, ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಬಣ್ಣವಿಲ್ಲದ ಜೇಡಿಮಣ್ಣಿನ ಗಣಪ, ಪಕ್ಕದಲ್ಲಿ ಮನೆಯಲ್ಲೇ ವಿಸರ್ಜಿಸಲು ಒಂದು ಬಕೆಟ್ಟು, ಇಷ್ಟು ಬರೆಯಿರಿ. ಪಿಓಪಿ ನೀರಿನಲ್ಲಿ ಸುಲಭವಾಗಿ ಕರಗದು, ಬಣ್ಣದ ಸೀಸ ಕೆರೆಗಿಳಿಯುತ್ತದೆ ಎಂಬ ಕಾರಣ ಒಂದು ಸಾಲು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಮಾರ್ಗಸೂಚಿ ಪಿಓಪಿ ವಿಗ್ರಹ ಬೇಡ ಎನ್ನುತ್ತದೆ, ಅದು ಇನ್ನೊಂದು ಸಾಲು. ಮಣ್ಣಿನ ಗಣಪ ಎಲ್ಲಿ ಸಿಗುತ್ತದೆ, ಯಾವ ತಾರೀಕಿನೊಳಗೆ ಹೇಳಿಡಬೇಕು ಎಂಬುದು ಇವೆರಡಕ್ಕಿಂತ ದೊಡ್ಡದಾಗಿರಲಿ.

ಕಳಿಸುವ ಮುಂಚೆ ನಿಮ್ಮದೇ ಇನ್ನೊಂದು ಫೋನಿಗೆ ಕಳಿಸಿ, ಅಲ್ಲಿಂದ ಮತ್ತೊಂದಕ್ಕೆ ಫಾರ್ವರ್ಡ್ ಮಾಡಿ, ಬಿಸಿಲಲ್ಲಿ ನಿಂತು ಓದಿ ನೋಡಿ. ಹಬ್ಬಕ್ಕೆ ಮೂರು ವಾರ ಮೊದಲೇ ಹಂಚಿ. ವಿಗ್ರಹಕ್ಕೆ ಮುಂಗಡ ಕೊಟ್ಟಾದ ಮೇಲೆ ಯಾರೂ ಬದಲಿಸುವುದಿಲ್ಲ.