ಎಡಿನ್‌ಬರೋದಲ್ಲಿ ಯಕ್ಷಗಾನ: ಕುಂಬಳೆಯ ವಿದ್ಯಾರ್ಥಿಗೆ ಉತ್ತರ

ಓದಲು ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಹೋಗುವಾಗ ಯಕ್ಷಗಾನದ ವೇಷಭೂಷಣ ಪೂರ್ತಿ ಒಯ್ಯಬೇಕಾ, ಬೀದಿಯಲ್ಲಿ ಕುಣಿದರೆ ಅಲ್ಲಿಯವರಿಗೆ ಅರ್ಥ ಆಗುತ್ತಾ ಅಂತ ಕೇಳಿದ್ದೀರಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರು ನೀವು, ಖಂಡಿತ ಕುಣಿಯಿರಿ.

ಕಿರೀಟ, ಭುಜಕೀರ್ತಿ ಎಲ್ಲ ಬೇಡ. ಬಣ್ಣ ಹಚ್ಚಿ ವೇಷ ಕಟ್ಟುವುದಕ್ಕೇ ಗಂಟೆಗಟ್ಟಲೆ ಬೇಕು. ಗೆಜ್ಜೆ, ಚಕ್ರತಾಳ, ಒಂದು ಶಾಲು ಸಾಕು. ಅಲ್ಲಿ 1947ರಿಂದ ನಡೆಯುವ ಫ್ರಿಂಜ್ ಎಂಬ ಕಲಾ ಉತ್ಸವಕ್ಕೆ ಆಗಸ್ಟ್‌ನಲ್ಲಿ ರಾಯಲ್ ಮೈಲ್ ಬೀದಿ ತುಂಬಿರುತ್ತದೆ. ದಾರಿಹೋಕರು ನಿಲ್ಲುವುದು ಸ್ವಲ್ಪ ಹೊತ್ತು ಮಾತ್ರ. ಹಾಗಾಗಿ ಉದ್ದದ ಅರ್ಥಗಾರಿಕೆ, ಅಂದರೆ ಪಾತ್ರದ ಮಾತು, ಬಿಟ್ಟು, ಶೂರ್ಪನಖಿ ರಾಮನ ಹತ್ತಿರ ಹೋಗಿ, ಅವನು ಲಕ್ಷ್ಮಣನ ಕಡೆ ಕಳಿಸಿ, ಲಕ್ಷ್ಮಣ ಮತ್ತೆ ರಾಮನ ಕಡೆಗೇ ಅಟ್ಟುವ ಸನ್ನಿವೇಶ ಆರಿಸಿ. ಅವಳ ನಾಚಿಕೆ, ಆಸೆ, ಸಿಟ್ಟು ಎಲ್ಲ ಕಣ್ಣು, ಹುಬ್ಬು, ನಡಿಗೆಯಲ್ಲೇ ಗೊತ್ತಾಗುತ್ತದೆ. ರಾಮ, ಲಕ್ಷ್ಮಣರಾಗಿ ನೋಡುತ್ತಿರುವವರನ್ನೇ ಇಬ್ಬರನ್ನು ಕರೆದು ನಿಲ್ಲಿಸಿ. ಉಳಿದವರಿಗೆ ತಾಳ ಹೇಳಿಕೊಟ್ಟು ಚಪ್ಪಾಳೆ ತಟ್ಟಿಸಿ. ಸುತ್ತುತ್ತಾ ಹಾರುವ ಧೀಂಗಿಣ ಮಾತ್ರ ಅಲ್ಲಿ ಬೇಡ, ಕಲ್ಲು ಹಾಸಿದ ಬೀದಿ ಅದು.

ನೋಡುವವರು ದುಡ್ಡು ಹಾಕಲಿ ಅಂತ ಮುಂದೆ ಟೋಪಿ ಇಡಬೇಡಿ. ಬ್ರಿಟನ್ನಿನ ವಿದ್ಯಾರ್ಥಿ ವೀಸಾದಲ್ಲಿ ಸ್ವಂತ ದುಡಿಮೆಗೂ, ಮನರಂಜನೆಯ ಕೆಲಸಕ್ಕೂ ಅವಕಾಶ ಇಲ್ಲ. ಜಾಗದ ಅನುಮತಿಯನ್ನೂ ಮೊದಲೇ ವಿಚಾರಿಸಿ.

ಸುಮ್ನೆ ನಮ್ಮದನ್ನು ತೋರಿಸಿ ಬಂದರೆ ಅರ್ಧ ಕೆಲಸ ಅಷ್ಟೇ ಅಲ್ವಾ? ಅವರ ಕೇಲಿ ಎಂಬ ಗುಂಪು ಕುಣಿತಕ್ಕೂ ಹೋಗಿ. ಹೆಜ್ಜೆ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಒಬ್ಬರು ಕೂಗಿ ಹೇಳುತ್ತಾ ಹೋಗುತ್ತಾರೆ. ಅಲ್ಲಿ ಜೊತೆಗೆ ಕುಣಿದವರನ್ನೇ ನಿಮ್ಮ ರಾಮ, ಲಕ್ಷ್ಮಣ ಮಾಡಿಕೊಳ್ಳಬಹುದು.