ಕೈಚೀಲದ ತಳಕ್ಕೆ ಏನು ಹಾಕೋಣ?

ಈ ಸಲ ಬಂದ ಪತ್ರಗಳಲ್ಲಿ ಬಟ್ಟೆ ಚೀಲದ್ದೇ ಜಾಸ್ತಿ. ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ತೊಂದರೆ, ತಳ ಜೋತು ಬೀಳುವುದು. ಹಾಗಾಗಿ ಬ್ಲೌಸ್, ಫಾಲ್ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಈ ಸಲ ಪೂರ್ತಿ ಇದನ್ನೇ ಮಾತಾಡೋಣ.

ಪ್ರಶ್ನೆ: ಅಕ್ಕಾ, ನಮ್ಮದು ದಾವಣಗೆರೆಯ ನಿಟ್ಟುವಳ್ಳಿ. ಮನೆಯಲ್ಲೇ ಮಷಿನ್ ಇಟ್ಟುಕೊಂಡು ಬುತ್ತಿ ಚೀಲ, ತರಕಾರಿ ಚೀಲ ಹೊಲಿದು ಮಾರುತ್ತೇನೆ. ನೋಡೋಕೆ ಚೆನ್ನಾಗಿದೆ ಅಂತಾರೆ. ಆದರೆ ಕ್ಯಾರಿಯರ್ ಇಟ್ಟ ಕೂಡಲೇ ತಳ ಜೋಲಿಯ ಹಾಗೆ ಕುಸಿಯುತ್ತದೆ, ಕ್ಯಾರಿಯರ್ ವಾಲುತ್ತದೆ, ಸಾರು ಚೆಲ್ಲುತ್ತದೆ. ರಟ್ಟು ಇಟ್ಟು ಹೊಲಿದೆ. ಒಬ್ಬರು ಒಗೆದು ತಂದು ತೋರಿಸಿದರು, ರಟ್ಟು ಒಳಗೇ ಮುದ್ದೆಯಾಗಿತ್ತು. ಒಂದು ತಳಕ್ಕೆ ನಾಲ್ಕು ರೂಪಾಯಿಗಿಂತ ಜಾಸ್ತಿ ಹಾಕಿದರೆ ನನಗೇನೂ ಉಳಿಯಲ್ಲ. ಏನು ಹಾಕಲಿ?

ಉತ್ತರ: ತಂಗಿ, ಏನು ಹಾಕಬೇಕು ಅನ್ನುವುದಕ್ಕಿಂತ ಮೊದಲು ಇನ್ನೊಂದು ಮಾತು. ಏನೇ ಹಾಕಿ, ಅದನ್ನು ಚೀಲದ ಒಳಗೆ ಹೊಲಿದು ಮುಚ್ಚಿಬಿಡಬೇಡಿ. ಬುತ್ತಿ ಚೀಲ ಅಂದಮೇಲೆ ವಾರಕ್ಕೊಮ್ಮೆ ಒಗೆಯಲೇಬೇಕು, ಒಗೆದಾಗ ತಳ ಹೊರಗೆ ಬರಬೇಕು. ನಾನು ಹೊಲಿಗೆ ಶುರು ಮಾಡಿದಾಗ ಒಬ್ಬರ ಮನೆ ಮದುವೆಗೆ ತಾಂಬೂಲದ ಚೀಲಗಳನ್ನು ಹೀಗೇ ರಟ್ಟು ಇಟ್ಟು ಹೊಲಿದು ಕೊಟ್ಟಿದ್ದೆ. ಒಗೆದ ಮೇಲೆ ಒಂದೂ ಉಳಿಯಲಿಲ್ಲ. ಅಷ್ಟು ಬಟ್ಟೆ, ಅಷ್ಟು ಹೊಲಿಗೆ ಸುಮ್ನೆ ಹಾಳಾಯಿತಲ್ಲ ಅಂತ ಇವತ್ತಿಗೂ ನನಗೆ ಬೇಜಾರಿದೆ. ಅವತ್ತಿನಿಂದ ನಾನು ತಳಕ್ಕೆ ದಿಂಬಿನ ಕವರಿನ ಹಾಗೆ ಒಂದು ಬೇರೆ ಕವರ್ ಹೊಲಿಯುತ್ತೇನೆ. ಮೂರು ಕಡೆ ಹೊಲಿಗೆ, ಒಂದು ಕಡೆ ಒಳಕ್ಕೆ ಮಡಚುವ ಬಾಯಿ, ಅಷ್ಟೇ. ಉಳಿದ ತುಂಡು ಬಟ್ಟೆಯಲ್ಲೇ ಆಗಿಹೋಗುತ್ತದೆ.

ಈಗ ನಿಮ್ಮ ಪ್ರಶ್ನೆ. ಬುತ್ತಿ ಚೀಲಕ್ಕೆ ನಾನು ಮೊದಲು ಹೇಳುವುದು ಸನ್‌ಪ್ಯಾಕ್ ಶೀಟ್. ಅಂಗಡಿ ಬೋರ್ಡಿಗೆ, ಚುನಾವಣೆ ಬೋರ್ಡಿಗೆ ಹಾಕುತ್ತಾರಲ್ಲ, ಎರಡು ತೆಳು ಪ್ಲಾಸ್ಟಿಕ್ ಹಾಳೆ, ನಡುವೆ ಸಣ್ಣ ಸಣ್ಣ ಕೊಳವೆಯಂಥ ಗೆರೆ, ಅದೇ. ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನದು. ನೀರು ಕುಡಿಯುವುದಿಲ್ಲ, ಹಗುರ, ಪೇಪರ್ ಕಟರಿನಲ್ಲೇ ಕೊಯ್ಯಬಹುದು. ಫ್ಲೆಕ್ಸ್ ಪ್ರಿಂಟ್ ಮಾಡುವ ಅಂಗಡಿಗಳಲ್ಲಿ ಅಂಚು ಕತ್ತರಿಸಿದ ಪಟ್ಟಿಗಳು ಬಿದ್ದಿರುತ್ತವೆ, ಮಾತಾಡಿ ನೋಡಿ, ಕೆಲವರು ಹಾಗೇ ಕೊಡುತ್ತಾರೆ. ಕಾರ್ಯಕ್ರಮ ಮುಗಿದ ಮೇಲೆ ಹಳೇ ಬೋರ್ಡುಗಳೂ ಸಿಗುತ್ತವೆ, ಸೋಪು ಹಾಕಿ ತೊಳೆದರೆ ಸಾಕು. ಬರೆದಿರುವುದು ಹೇಗೂ ಕವರಿನ ಒಳಗೆ ಮುಚ್ಚಿಹೋಗುತ್ತದೆ.

ಹೊಸ ಶೀಟೇ ಕೊಳ್ಳುವುದಾದರೆ ಲೆಕ್ಕ ಹಾಕೋಣ. ನಿಮ್ಮ ಚೀಲದ ತಳ 14 ಇಂಚು ಉದ್ದ, 4 ಇಂಚು ಅಗಲ ಅಂದುಕೊಳ್ಳಿ. ಒಳಗಿನ ತುಂಡು ಸುತ್ತಲೂ ಕಾಲು ಇಂಚು ಚಿಕ್ಕದಿರಬೇಕು, ಅಂದರೆ ಹದಿಮೂರೂವರೆಗೆ ಮೂರೂವರೆ. 8 ಅಡಿಗೆ 4 ಅಡಿಯ ಶೀಟಿನಲ್ಲಿ ಉದ್ದಕ್ಕೆ 7, ಅಗಲಕ್ಕೆ 13, ಒಟ್ಟು 91 ತುಂಡು ಬರುತ್ತವೆ. ಶೀಟಿನ ಬೆಲೆಯನ್ನು 91ರಿಂದ ಭಾಗಿಸಿ. 364 ರೂಪಾಯಿ ಒಳಗೆ ಸಿಕ್ಕರೆ ನಿಮ್ಮ ನಾಲ್ಕು ರೂಪಾಯಿಯೊಳಗೇ ಆಯಿತು. ಅಲ್ಲಿ ಇಲ್ಲಿ ಬಿಡಿ ತುಂಡು ಕೊಳ್ಳುವುದಕ್ಕಿಂತ ಇಬ್ಬರು ಮೂವರು ಸೇರಿ ಒಂದು ಶೀಟು ತಂದರೆ ಒಳ್ಳೆಯದು.

ಕೊಯ್ಯುವಾಗ ಒಂದು ವಿಷಯ ಮರೆಯಬೇಡಿ, ಬಹಳ ಜನ ಇಲ್ಲೇ ತಪ್ಪುತ್ತಾರೆ. ಆ ಕೊಳವೆ ಗೆರೆಗಳು ಚೀಲದ ಉದ್ದಕ್ಕೆ ಓಡಬೇಕು. ಗೆರೆ ಅಡ್ಡ ಬಂದರೆ ಶೀಟು ನಡುವೆ ಪುಸ್ತಕ ಮಡಚಿದ ಹಾಗೆ ಮಡಚಿಕೊಳ್ಳುತ್ತದೆ, ಆಮೇಲೆ ಶೀಟು ಸರಿ ಇಲ್ಲ ಅಂತ ಬೈಯುತ್ತೇವೆ. ಜಾಸ್ತಿ ಭಾರದ ಚೀಲಕ್ಕೆ ಎರಡು ತುಂಡು ಹಾಕಿ, ಒಂದರ ಗೆರೆ ಉದ್ದಕ್ಕೆ, ಇನ್ನೊಂದರದ್ದು ಅಡ್ಡಕ್ಕೆ, ಸುತ್ತ ಟೇಪ್. ಅಲುಗಾಡುವುದಿಲ್ಲ. ನಾಲ್ಕು ಮೂಲೆಗೂ ಹತ್ತು ರೂಪಾಯಿ ನಾಣ್ಯ ಇಟ್ಟು ಗೆರೆ ಎಳೆದು ದುಂಡಗೆ ಕತ್ತರಿಸಿ. ಚೂಪು ಮೂಲೆ ಬಿಟ್ಟರೆ ಎರಡೇ ತಿಂಗಳಲ್ಲಿ ಬಟ್ಟೆ ಅಲ್ಲೇ ತೂತು ಬೀಳುತ್ತದೆ. ಅಂಚಿಗೂ ಒಂದು ಸುತ್ತು ಟೇಪ್ ಹಾಕಿ. ಕೊಳವೆಯೊಳಗೆ ನೀರು ಹೋಗಿದ್ದರೆ ತುಂಡನ್ನು ಗೋಡೆಗೆ ನೆಟ್ಟಗೆ ಒರಗಿಸಿಡಿ, ಇಳಿದುಹೋಗುತ್ತದೆ. ತಳ ಒಳಗಿರುವಾಗ ಇಸ್ತ್ರಿ ಮಾತ್ರ ಬೇಡ. ಈ ಪ್ಲಾಸ್ಟಿಕ್ 160 ಡಿಗ್ರಿ ಹತ್ತಿರ ಕರಗುತ್ತದೆ, ಕಾಟನ್ನಿಗೆ ಇಟ್ಟ ಇಸ್ತ್ರಿ ಪೆಟ್ಟಿಗೆ ಅದಕ್ಕಿಂತ ಜಾಸ್ತಿ ಬಿಸಿ ಇರುತ್ತದೆ.

ರಟ್ಟನ್ನು ಪೂರ್ತಿ ಬಿಡಬೇಕಿಲ್ಲ. ನಿಮ್ಮ ದಾವಣಗೆರೆಯ ಚೌಕಿಪೇಟೆಯ ಸೀರೆ ಅಂಗಡಿಗಳಲ್ಲಿ ಸೀರೆ ಮಡಿಕೆಯೊಳಗೆ ಇಟ್ಟ ರಟ್ಟು, ಶರ್ಟಿನ ರಟ್ಟು, ಹಳೇ ಕ್ಯಾಲೆಂಡರ್ ಹಿಂದಿನ ರಟ್ಟು ಸಿಗುತ್ತದೆ, ಎರಡು ಮೂರು ಸೇರಿಸಿ ಅಂಟಿಸಿದರೆ ಒಣ ಸಾಮಾನಿನ ಚೀಲಕ್ಕೆ ಸಾಕು. ಅಂಟಿಗೆ ಮೈದಾ ಬೇಡ, ಜಿರಳೆ ಬರುತ್ತದೆ. ಪರೀಕ್ಷೆ ಮುಗಿದ ಮೇಲೆ ಎಲ್ಲರ ಮನೆಯಲ್ಲೂ ಒಂದು ಹಳೇ ಎಕ್ಸಾಮ್ ಪ್ಯಾಡ್ ಬಿದ್ದಿರುತ್ತದೆ, ಅಲ್ವಾ? ಅದು ಗಟ್ಟಿ, ಆದರೆ ಮರದ ನಾರಿನದಾದರೆ ಅಂಚಿನಿಂದ ನೀರು ಹೀರಿ ಉಬ್ಬುತ್ತದೆ, ತೂಕವೂ ಜಾಸ್ತಿ. ಪ್ಲಾಸ್ಟಿಕ್ ಪ್ಯಾಡ್ ಆದರೆ ಕಣ್ಣು ಮುಚ್ಚಿ ಬಳಸಿ. ಥರ್ಮಕೋಲ್ ಮುರಿಯುತ್ತದೆ, ಬೇಡ. ಪೇಂಟ್ ಬಕೆಟ್ ಕೊಯ್ದು ಹಾಕುವವರನ್ನು ನೋಡಿದ್ದೇನೆ. ಬಕೆಟಿನ ಬದಿ ಬಾಗಿರುತ್ತದೆ, ಏನು ಮಾಡಿದರೂ ಆ ಬಾಗು ಹೋಗುವುದಿಲ್ಲ, ಕ್ಯಾರಿಯರ್ ಅದರ ಮೇಲೆ ಕುಣಿಯುತ್ತದೆ.

ಪ್ರಶ್ನೆ: ನಾವು ಚಳ್ಳಕೆರೆ ಕಡೆಯವರು. ಮನೆಯಲ್ಲಿ ಹಳೇ ಕುರಿ ಕಂಬಳಿ ತುಂಡುಗಳಿವೆ. ಹೊಸದಿದ್ದಾಗ ಎಷ್ಟು ಸೆಟೆದುಕೊಂಡಿತ್ತು ಅಂದರೆ ನೆಟ್ಟಗೆ ನಿಲ್ಲಿಸಬಹುದಿತ್ತು. ಅದನ್ನೇ ತಳಕ್ಕೆ ಹಾಕಬಹುದೇ? ಪ್ಲಾಸ್ಟಿಕ್ ಮುಟ್ಟೋಕೆ ನನಗೆ ಇಷ್ಟವಿಲ್ಲ.

ಉತ್ತರ: ಕಂಬಳಿ ಹೊಸದರಲ್ಲಿ ಸೆಟೆದಿರುವುದು ಉಣ್ಣೆಯಿಂದ ಮಾತ್ರ ಅಲ್ಲ. ನೇಯುವ ಮುಂಚೆ ಹಾಸಿನ ನೂಲಿಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಓಡುವ ನೂಲಿಗೆ, ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ, ಆ ಬಿಗಿ ಅದರದ್ದು. ನೀರು ಬಿದ್ದಂತೆಲ್ಲ ಗಂಜಿ ಬಿಡುತ್ತದೆ, ಕಂಬಳಿ ಮೆತ್ತಗಾಗುತ್ತದೆ. ಬಟ್ಟೆಗೆ ಗಂಜಿ ಹಾಕಿ ತಳ ಗಟ್ಟಿ ಮಾಡುತ್ತೇನೆ ಅಂತ ಬರೆದವರಿಗೂ ಇದೇ ಉತ್ತರ, ಒಂದು ಒಗೆತಕ್ಕೆ ಮುಗಿಯಿತು.

ಆದರೂ ಆ ತುಂಡುಗಳನ್ನು ಎಸೆಯಬೇಡಿ. ಗಟ್ಟಿ ತಳದ ಮೇಲೆ ಹಾಸಿಗೆಯ ಹಾಗೆ ಒಂದು ಪದರ ಕಂಬಳಿ ಇಟ್ಟರೆ ಸ್ಟೀಲ್ ಡಬ್ಬಿ ಜಾರುವುದಿಲ್ಲ, ಸದ್ದು ಮಾಡುವುದಿಲ್ಲ, ಬಿಸಿಯೂ ಸ್ವಲ್ಪ ಹೊತ್ತು ಜಾಸ್ತಿ ನಿಲ್ಲುತ್ತದೆ.

ಪ್ಲಾಸ್ಟಿಕ್ ಬೇಡ ಅನ್ನುವ ನಿಮ್ಮ ಮಾತು ನನಗೆ ಹಿಡಿಸಿತು. 2016ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗ್, ಫ್ಲೆಕ್ಸ್, ಬ್ಯಾನರ್ ಎಲ್ಲ ನಿಷೇಧ ಆಯಿತು. ಆದರೂ ಸಾಮಾನಿಗೆ ಚೀಲ ಒಯ್ಯುವ ಅಭ್ಯಾಸ ಇನ್ನೂ ಪೂರ್ತಿ ಬಂದಿಲ್ಲ. ನಾವು ಹೊಲಿಯುವ ಬಟ್ಟೆ ಚೀಲ ನಾಲ್ಕು ವರ್ಷ ಬಾಳಿದರೆ ಅದೇ ದೊಡ್ಡದು, ಅದಕ್ಕಾಗಿ ಈಗಾಗಲೇ ಕಸಕ್ಕೆ ಬಿದ್ದ ಒಂದು ಬೋರ್ಡನ್ನು ಒಳಗೆ ಇಟ್ಟರೆ ತಪ್ಪಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಒಪ್ಪದಿದ್ದರೆ ಬಟ್ಟೆಯಲ್ಲೇ ಮಾಡುವ ದಾರಿಯೂ ಇದೆ. ಹಳೇ ಜೀನ್ಸಿನ ನಾಲ್ಕು ಪದರ, ನಡುವೆ ಕಾಲರಿಗೆ ಹಾಕುವ ಕ್ಯಾನ್ವಾಸ್ ಒಂದು ಪದರ, ಇಷ್ಟನ್ನೂ ಸೇರಿಸಿ ಅರ್ಧ ಅರ್ಧ ಇಂಚಿಗೆ ಚೌಕಳಿ ಹೊಲಿಗೆ ಹಾಕಿ. ನಮ್ಮ ಕೌದಿ ಹೊಲಿಯುವ ಅಜ್ಜಿಯರಿಗೆ ಇದು ಗೊತ್ತಿತ್ತು, ಹೊಲಿಗೆ ಸಾಲುಗಳು ಒತ್ತಾದಷ್ಟೂ ಬಟ್ಟೆ ಬಿಗಿಯಾಗುತ್ತದೆ. ಮಷಿನ್ನಿಗೆ 16 ಅಥವಾ 18ರ ಸೂಜಿ ಹಾಕಿಕೊಳ್ಳಿ, ಹೊಲಿಗೆ ಉದ್ದ ಮಾಡಿ. ರಟ್ಟಿನಷ್ಟು ಗಟ್ಟಿ ಬರುವುದಿಲ್ಲ, ಎರಡು ಡಬ್ಬಿಯ ಬುತ್ತಿಗೆ ಸಾಲುತ್ತದೆ. ಹಾಗೇ ಒಗೆಯಬಹುದು, ತೆಗೆಯುವ ಕೆಲಸವೂ ಇಲ್ಲ.

ಪ್ರಶ್ನೆ: ನಮ್ಮದು ಚನ್ನಗಿರಿ ತಾಲೂಕು. ತೋಟದಲ್ಲಿ ಅಡಿಕೆ ಹಾಳೆ ಬೇಕಾದಷ್ಟು ಬೀಳುತ್ತದೆ. ತಟ್ಟೆ ಮಾಡುತ್ತಾರೆ, ಚೀಲದ ತಳಕ್ಕೆ ಆಗುವುದಿಲ್ಲವೇ?

ಉತ್ತರ: ಆಗುತ್ತದೆ, ಆದರೆ ಎಲ್ಲ ಚೀಲಕ್ಕೂ ಅಲ್ಲ. ಹಾಳೆಯನ್ನು ಚೆನ್ನಾಗಿ ನೆನೆಸಿ, ಮೆತ್ತಗಾದ ಮೇಲೆ ಸಪಾಟು ಕಲ್ಲಿನ ಮೇಲೆ ಹರಡಿ, ಮೇಲೊಂದು ಹಲಗೆ ಇಟ್ಟು ಭಾರ ಹೇರಿ, ಪೂರ್ತಿ ಒಣಗುವವರೆಗೆ ತೆಗೆಯಬೇಡಿ. ಅರೆ ಒಣಗಿದ್ದನ್ನು ತೆಗೆದರೆ ಮತ್ತೆ ಸುರುಳಿ ಸುತ್ತುತ್ತದೆ. ಹಾಳೆ ನಾರಿನ ಉದ್ದಕ್ಕೆ ಸೀಳುತ್ತದೆ, ಅದಕ್ಕೆ ಒಂದೇ ಪದರ ಹಾಕಬೇಡಿ, ಎರಡು ಹಾಳೆಯನ್ನು ನಾರು ಒಂದಕ್ಕೊಂದು ಅಡ್ಡ ಬರುವ ಹಾಗೆ ಅಂಟಿಸಿ. ಒದ್ದೆಯಾದರೆ ಮತ್ತೆ ಮೆತ್ತಗಾಗುತ್ತದೆ, ಬೂಸ್ಟು ಹಿಡಿಯುತ್ತದೆ. ಹಾಗಾಗಿ ತಾಂಬೂಲದ ಚೀಲ, ಪುಸ್ತಕದ ಚೀಲ, ಮಂಡಕ್ಕಿ ತರುವ ಚೀಲಕ್ಕೆ ಸರಿ. ಸೊಪ್ಪು ತರಕಾರಿಗೆ, ಬುತ್ತಿಗೆ ಬೇಡ. ಕೈಯಿಂದ ಒಂದು ಪೈಸೆ ಖರ್ಚಿಲ್ಲದೆ ಸಿಗುವ ವಸ್ತು, ನಿಮ್ಮ ಊರಿನವರು ಇದನ್ನು ಮಾಡಿ ನೋಡಲಿ ಅನ್ನುವುದು ನನ್ನ ಆಸೆ.

ಪ್ರಶ್ನೆ: ಹಳೇ ಎಕ್ಸ್‌ರೇ ಫಿಲ್ಮ್ ಹಾಕಬಹುದಾ?

ಉತ್ತರ: ಬೇಡ. ಒಂದೇ ಹಾಳೆ ಬಳುಕುತ್ತದೆ, ಮೂರ್ನಾಲ್ಕು ಸೇರಿಸಬೇಕು, ಅಂಚು ಬಟ್ಟೆ ಕೊಯ್ಯುತ್ತದೆ. ಮೇಲಿನ ಪದರದಲ್ಲಿ ಬೆಳ್ಳಿ ಇರುತ್ತದೆ, ಗುಜರಿಯವರು ಕೊಳ್ಳುವುದೂ ಅದಕ್ಕೇ. ಅದನ್ನು ಮನೆಯಲ್ಲಿ ಉಜ್ಜಿ ತೊಳೆಯುತ್ತಾ ಕೂರಬೇಡಿ. ಇನ್ನೊಂದು, ಮನೆಯವರ ಎಕ್ಸ್‌ರೇಯನ್ನು ಡಾಕ್ಟರು ಮುಂದೆ ಯಾವಾಗಲಾದರೂ ಕೇಳಬಹುದು. ಎತ್ತಿಡಿ.

ಪ್ರಶ್ನೆ: ಅಕ್ಕಾ, ಚಿತ್ರದುರ್ಗದಿಂದ ನಮ್ಮ ಸ್ತ್ರೀಶಕ್ತಿ ಸಂಘದವರು ಬರೆಯುತ್ತಿದ್ದೇವೆ. ಕೋರಾ ಬಟ್ಟೆಯಲ್ಲಿ (ಬಿಳುಪು ಮಾಡದ ಹತ್ತಿ ಬಟ್ಟೆ) ಸಂತೆ ಚೀಲ ಹೊಲಿಯುತ್ತೇವೆ. ತಳಕ್ಕೆ ಒಳ್ಳೆ ಶೀಟೇ ಹಾಕಿದ್ದೇವೆ, ತೆಗೆಯುವ ಹಾಗೂ ಮಾಡಿದ್ದೇವೆ. ಆದರೂ ಎರಡು ದೂರು ಬರುತ್ತಿದೆ. ಒಗೆದ ಮೇಲೆ ಶೀಟು ಒಳಗೆ ಕೂರುವುದಿಲ್ಲ, ಬಿಲ್ಲಿನ ಹಾಗೆ ಬಾಗುತ್ತದೆ. ಮತ್ತೆ ಐದು ಕೆಜಿ ಅಕ್ಕಿ ಹಾಕಿದರೆ ತಳದ ಮೂಲೆ ಹೊಲಿಗೆ ಬಿಚ್ಚುತ್ತದೆ.

ಉತ್ತರ: ಶೀಟಿನದ್ದು ತಪ್ಪಿಲ್ಲ. ಮೊದಲನೆಯದು ಬಟ್ಟೆ ಕುಗ್ಗಿದ್ದು. ಕೋರಾ ಬಟ್ಟೆ ಮೊದಲ ಒಗೆತದಲ್ಲಿ ಮೀಟರಿಗೆ ಒಂದೆರಡು ಇಂಚು ಕುಗ್ಗುವುದು ಸಾಮಾನ್ಯ. 14 ಇಂಚಿನ ತಳದಲ್ಲಿ ಅರ್ಧ ಮುಕ್ಕಾಲು ಇಂಚು ಹೋಯಿತು ಅಂದರೆ ನೀವು ಬಿಟ್ಟ ಕಾಲು ಕಾಲು ಇಂಚು ಅದರಲ್ಲೇ ಮುಗಿಯಿತು. ಬಟ್ಟೆ ತಂದ ದಿನವೇ ರಾತ್ರಿಯಿಡೀ ನೀರಲ್ಲಿ ನೆನೆಹಾಕಿ, ಒಣಗಿಸಿ, ಇಸ್ತ್ರಿ ಮಾಡಿ, ಆಮೇಲೆ ಕತ್ತರಿ ಹಾಕಿ. ಕೆಲಸ ಒಂದು ದಿನ ಜಾಸ್ತಿ ಆಗುತ್ತದೆ, ಆದರೆ ಚೀಲ ವಾಪಸ್ ಬರುವುದಿಲ್ಲ. ಅಳತೆಗೂ ಹೇಳಿಬಿಡುತ್ತೇನೆ. 14 ಇಂಚಿನ ತಳ, 4 ಇಂಚಿನ ಅಗಲ ಬೇಕಿದ್ದರೆ ಬಟ್ಟೆ 19 ಇಂಚು ಅಗಲ ಕತ್ತರಿಸಿ. ಎರಡೂ ಬದಿ ಹೊಲಿಗೆಗೆ ಅರ್ಧರ್ಧ ಇಂಚು ಹೋಗಿ 18 ಉಳಿಯುತ್ತದೆ. ಮೂಲೆಯನ್ನು ತ್ರಿಕೋನ ಮಾಡಿ 4 ಇಂಚಿನ ಅಡ್ಡ ಹೊಲಿಗೆ ಹಾಕಿದರೆ ಆ 18ರಲ್ಲಿ 4 ತಳದ ಅಗಲಕ್ಕೆ ಹೋಗಿ 14 ನಿಲ್ಲುತ್ತದೆ.

ಎರಡನೆಯದು ಚೀಲದ ಹಿಡಿಕೆಯ ತೊಂದರೆ. ನಿಮ್ಮ ಚೀಲದ ಹಿಡಿಯನ್ನು ಬಾಯಿಯ ಹತ್ತಿರ ಮಾತ್ರ ಹೊಲಿದಿದ್ದೀರಿ ಅಂತ ಕಾಣುತ್ತದೆ. ತಳ ಗಟ್ಟಿ ಆದಾಗ ಭಾರವೆಲ್ಲ ಅಂಚಿಗೆ, ಮೂಲೆಗೆ ಬರುತ್ತದೆ. ಅಲ್ಲಿ ಹಿಡಿದುಕೊಳ್ಳಲು ಹೊಲಿಗೆ ಬಿಟ್ಟರೆ ಬೇರೇನೂ ಇಲ್ಲ. ಹಿಡಿಯ ಪಟ್ಟಿಯನ್ನು ಒಂದು ಬದಿಯಿಂದ ಇಳಿಸಿ, ತಳದ ಅಡಿಯಲ್ಲಿ ಹಾಯಿಸಿ, ಇನ್ನೊಂದು ಬದಿಯಿಂದ ಮೇಲಕ್ಕೆ ತನ್ನಿ. ಹೀಗೆ ಎರಡು ಸಾಲು. ಆಗ ಶೀಟು ಪಟ್ಟಿಯ ಮೇಲೆ ಕೂರುತ್ತದೆ, ಭಾರ ನೇರ ಕೈಗೆ ಬರುತ್ತದೆ, ಬಟ್ಟೆಗೆ ಎಳೆತ ಕಡಿಮೆ. ಪಟ್ಟಿ ಜಾಸ್ತಿ ಬೇಕಾಗುತ್ತದೆ ನಿಜ. ಹೊಸ ಪಟ್ಟಿ ಕೊಳ್ಳುವ ಬದಲು ಅದೇ ಕೋರಾ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಹೊಲಿದುಕೊಳ್ಳಿ. ಮೂಲೆಗೆ ಎರಡು ಸಲ ಹೊಲಿಗೆ ಓಡಿಸಿ. ಮೊದಲು ಒಂದೇ ಚೀಲ ಹೀಗೆ ಮಾಡಿ, ಹತ್ತು ಕೆಜಿ ಅಕ್ಕಿ ಹಾಕಿ ಒಂದು ದಿನ ಮೊಳೆಗೆ ನೇತುಹಾಕಿ ನೋಡಿ, ಆಮೇಲೆ ಉಳಿದದ್ದಕ್ಕೆ ಬಟ್ಟೆ ಕತ್ತರಿಸಿ.